ಕಂಬಳಿಯ ನಾಲ್ಕು ತೂತು

ತಾಲ್ಲೂಕು ಆಸ್ಪತ್ರೆಗೆ ಹೊಸದಾಗಿ ಬಂದ ಡಾಕ್ಟರುಗಳು ನನ್ನನ್ನು ನೋಡಲು ಬಂದರೆ ಮೊದಲು ಕೇಳುವುದು ಕ್ವಾರ್ಟರ್ಸಿನಲ್ಲಿ ನೀರು ಸರಿಯಾಗಿ ಬರುತ್ತದೆಯೇ ಎಂದು. ಆಮೇಲೆ ಸ್ವಲ್ಪ ಧ್ವನಿ ತಗ್ಗಿಸಿ ಎರಡನೆಯ ಪ್ರಶ್ನೆ: "ಸಾರ್, ಇಲ್ಲಿ ಪೋಸ್ಟ್‌ಮಾರ್ಟಮ್ ಜಾಸ್ತಿ ಬರುತ್ತಾ?"

ಬರುತ್ತವೆ ಕಣ್ರಪ್ಪಾ. ಹೆದ್ದಾರಿ ಇದೆ, ಕೆರೆಗಳಿವೆ, ಹಾವುಗಳಿವೆ, ಹೊಲಕ್ಕೆ ಹೊಡೆಯುವ ಔಷಧಿ ಎಲ್ಲರ ಮನೆಯಲ್ಲೂ ಇದೆ. ಇವನ್ನೆಲ್ಲ ಆರು ತಿಂಗಳಲ್ಲಿ ಕಲಿಯುತ್ತೀರಿ. ಕಷ್ಟ ಇರುವುದು ಕೋವಿ ಗುಂಡಿನಿಂದ ಸತ್ತವರದ್ದು. ಅಂಥದ್ದು ಎರಡು ಮೂರು ವರ್ಷಕ್ಕೆ ಒಂದು ಬಂದರೆ ಹೆಚ್ಚು. ಅಪರೂಪಕ್ಕೆ ಬರುವುದರಿಂದಲೇ ಕೈ ಪಳಗುವುದಿಲ್ಲ, ಕೈ ಪಳಗದೆ ಇದ್ದಾಗಲೇ ನಾವು ಎಲ್ಲ ಗೊತ್ತಿರುವವರಂತೆ ಬರೆದುಬಿಡುತ್ತೇವೆ.

ನಾನು ಈ ವಿಷಯದ ತಜ್ಞನಲ್ಲ, ಮೊದಲೇ ಹೇಳಿಬಿಡುತ್ತೇನೆ. ಬರೀ ಎಂಬಿಬಿಎಸ್. ನನ್ನ ಅಪ್ಪ ಬೀರೂರು, ಅಜ್ಜಂಪುರದ ಕಡೆ ದನದ ದಲ್ಲಾಳಿ. ಟವೆಲ್ ಮರೆಯಲ್ಲಿ ಬೆರಳು ಹಿಡಿದು ಬೆಲೆ ಮಾತಾಡುವವರ ನಡುವೆ ಬೆಳೆದವನು ನಾನು. ಮನೆಯಲ್ಲಿ ಓದಿದವನು ನಾನೊಬ್ಬನೇ. ಕಡೂರಿನಲ್ಲಿ ಸೇರಿ, ತರೀಕೆರೆಯಲ್ಲಿ ಬಹಳ ಕಾಲ ಇದ್ದು, ಅಜ್ಜಂಪುರದಲ್ಲಿ ನಿವೃತ್ತನಾದೆ. ಬಡ್ತಿ, ಸನ್ಮಾನ, ಶಾಲುಗಳ ಕತೆ ನಿಮಗೆ ಬೇಡ. ಕೆಲಸದ ಕತೆ ಹೇಳುತ್ತೇನೆ.

ಗುಂಡಿನ ಸಾವಿನಲ್ಲಿ ನಮ್ಮ ಮುಂದೆ ಇರುವ ಪ್ರಶ್ನೆ ಕೇಳಲು ಸುಲಭ. ತನ್ನ ಕೈಯಿಂದಲೇ ಆದದ್ದೋ, ಬೇರೆಯವರ ಕೈಯಿಂದ ಆದದ್ದೋ, ಅಥವಾ ಯಾರ ಮನಸ್ಸಿನಲ್ಲೂ ಇಲ್ಲದೆ ಕೈತಪ್ಪಿ ಆದದ್ದೋ? ಇದಕ್ಕೆ ಹೆಣ ನೇರವಾಗಿ ಉತ್ತರ ಕೊಡುವುದಿಲ್ಲ. ಅದು ಹೇಳುವುದು ಮೂರೇ ವಿಷಯ: ಎಂಥ ಕೋವಿ, ಎಷ್ಟು ದೂರ, ಯಾವ ದಿಕ್ಕು. ಮಿಕ್ಕಿದ್ದನ್ನು ಬಟ್ಟೆ, ಜಾಗ, ಕೋವಿ, ಪೊಲೀಸರ ತನಿಖೆ ಎಲ್ಲ ಸೇರಿ ಹೇಳಬೇಕು. ಮೂರು ವಿಷಯ ಗೊತ್ತಾದ ತಕ್ಷಣ ನಾಲ್ಕನೆಯದನ್ನೂ ಹೇಳಿಬಿಡುವ ಚಪಲ ನಮಗೆ ಇರುತ್ತದೆ. ನನಗೂ ಇತ್ತು.

ಕಡೂರಿನಲ್ಲಿ ನನ್ನ ಮೊದಲ ಕೇಸು ಬಂತು. ಪೊದೆಯಲ್ಲಿ ಹಂದಿ ಅಲ್ಲಾಡಿತು ಎಂದು ಒಬ್ಬ ಗುಂಡು ಹಾರಿಸಿದ್ದ. ಅಲ್ಲಾಡಿದ್ದು ಅವನ ಜೊತೆಗಾರ. ಗುಂಡು ಒಳಗೆ ಹೋದ ತೂತು ಇದೆ, ಹೊರಗೆ ಬಂದ ತೂತೂ ಇದೆ, ಆದರೂ ಒಳಗೇ ಎಲ್ಲೋ ಒಂದು ಚೂರು ಉಳಿದಿರಬೇಕು ಎಂದು ಮೂರು ಗಂಟೆ ಹುಡುಕಿದೆ. ಮೂವತ್ತು ಹೆಜ್ಜೆ ದೂರದಲ್ಲಿ ಎಕ್ಸ್‌ರೇ ಯಂತ್ರ ಇತ್ತು, ನನಗೆ ಹೊಳೆಯಲೇ ಇಲ್ಲ. ಕೊನೆಗೆ ಅಟೆಂಡರ್ ಮೂಲೆಯಲ್ಲಿದ್ದ ಅಂಗಿಯನ್ನು ಎತ್ತಿ ಜಾಡಿಸಿದ. ಸೀಸದ ಗುಂಡು ಟಣ್ ಎಂದು ನೆಲಕ್ಕೆ ಬಿತ್ತು.

"ಇದೇನಾ ಸಾ ನೀವು ಬೆಳಗ್ಗಿಂದ ಹುಡುಕ್ತಿರೋದು?" ಎಂದ.

ಅವತ್ತಿನಿಂದ ಎರಡು ನಿಯಮ ಮಾಡಿಕೊಂಡೆ. ಮೊದಲು ಎಕ್ಸ್‌ರೇ. ಆಮೇಲೆ ಬಟ್ಟೆ ಜಾಡಿಸುವುದು. ಈಗಿನವರು ಇದಕ್ಕೆ ಮೊಬೈಲ್ ಫೋಟೋ, ವೀಡಿಯೊ ಎಲ್ಲ ಸೇರಿಸಿಕೊಂಡಿದ್ದೀರಿ, ಬಹಳ ಒಳ್ಳೆಯದು. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಕಾರ್ಬನ್ ಕಾಗದ ಇಟ್ಟು ಮೂರು ಪ್ರತಿ ಬರೆಯುತ್ತಿದ್ದೆವು, ಮೂರನೆಯ ಪ್ರತಿಯಲ್ಲಿ ಎಡಗಡೆ ಯಾವುದು ಬಲಗಡೆ ಯಾವುದು ಎಂದು ಬರೆದವನಿಗೇ ತಿಳಿಯುತ್ತಿರಲಿಲ್ಲ. ಆದರೆ ಬಟ್ಟೆ ಜಾಡಿಸಲು ಕಲಿತ ನಾನು, ಬಟ್ಟೆಯೇ ಬಾರದಿದ್ದಾಗ ಏನು ಮಾಡಬೇಕು ಎಂಬುದನ್ನು ಕಲಿತಿರಲಿಲ್ಲ. ಅದಕ್ಕೆ ಬೆಲೆ ತೆತ್ತವನು ಬೇರೆಯವನು.

ತರೀಕೆರೆಯಲ್ಲಿ ಇನ್ನೊಂದು ಪಾಠವಾಯಿತು. ವಯಸ್ಸಾದ ಒಬ್ಬರು ತಮ್ಮ ಲೈಸೆನ್ಸ್ ಕೋವಿಯಿಂದಲೇ ತೀರಿಕೊಂಡಿದ್ದರು. ಮನೆಯವರು ಐದಾರು ಜನ ಬಂದು, "ಒರೆಸೋವಾಗ ಹಾರ್ತು ಅಂತ ಬರೀರಿ ಡಾಕ್ಟ್ರೇ, ಮನೆ ಮರ್ಯಾದೆ" ಎಂದು ಕೈ ಮುಗಿದರು. ನಾನು ಚೌಕಾಸಿ ಮಾಡುವ ಜಾತಿ, ಆದರೆ ಕೆಲವು ಸರಕಿಗೆ ಚೌಕಾಸಿ ಇಲ್ಲ. "ನಾನು ಮರ್ಯಾದೆಯನ್ನೂ ಬರೆಯಲ್ಲ, ಅಮರ್ಯಾದೆಯನ್ನೂ ಬರೆಯಲ್ಲ. ಗಾಯ ಬರೀತೀನಿ" ಎಂದೆ. ಅವರು ಬೈದುಕೊಂಡು ಹೋದರು. ಈ ಮಾತು ನಿಮಗೂ ಉಪಯೋಗಕ್ಕೆ ಬರುತ್ತದೆ, ಇಟ್ಟುಕೊಳ್ಳಿ. ಆ ಮಾತನ್ನು ಆಡಿದ ನಾನೇ ಮುಂದೆ ಅದನ್ನು ಮುರಿದೆ ಎಂಬುದನ್ನೂ ಕೇಳಿ.

ಅದು ಚಳಿಗಾಲ. ಬುಕ್ಕಾಂಬುಧಿಯ ಆಚೆಯ ಒಂದು ಹಳ್ಳಿಯಿಂದ ಬಸವರಾಜಪ್ಪ ಎಂಬ ರೈತರ ಶವವನ್ನು ತರೀಕೆರೆಗೆ ತಂದರು. ಐವತ್ತರ ಆಸುಪಾಸಿನ ಗಟ್ಟಿ ಆಳು. ಮೆಕ್ಕೆಜೋಳಕ್ಕೆ ಹಂದಿ ಬೀಳುತ್ತವೆ ಎಂದು ಬೆಳಗಿನ ಜಾವ ಕೋವಿ ಹಿಡಿದು ಹೊಲಕ್ಕೆ ಹೋಗಿದ್ದವರು, ಬಿಸಿಲೇರಿದಾಗ ಬೇಲಿಯ ಪಕ್ಕ ಬಿದ್ದಿದ್ದರು. ಬೇಲಿಯ ಆಚೆ ಅವರ ತಮ್ಮ ಓಂಕಾರಪ್ಪನ ಹೊಲ. ಅಣ್ಣ ತಮ್ಮ ಎರಡು ವರ್ಷದಿಂದ ಮಾತಾಡುತ್ತಿರಲಿಲ್ಲ, ಬೋರ್‌ವೆಲ್ ನೀರಿನ ಜಗಳ. ಶವ ಬೇಲಿಯ ಈಚೆ ಅಣ್ಣನ ಹೊಲದಲ್ಲಿತ್ತು, ಕೋವಿ ಬೇಲಿಯ ಆಚೆ ತಮ್ಮನ ಹೊಲದಲ್ಲಿತ್ತು. ಪೊಲೀಸರಿಗೆ ಇನ್ನೇನು ಬೇಕು?

ಮನೆಯವರು ಶವವನ್ನು ಹೊಲದಿಂದ ಮನೆಗೆ ತಂದವರೇ, ಪೊಲೀಸರು ಬರುವ ಮೊದಲೇ, ತಮ್ಮ ಪದ್ಧತಿಯಂತೆ ಮೈ ತೊಳೆದು, ಮಡಿ ಬಟ್ಟೆ ಉಡಿಸಿ, ಹಣೆ, ತೋಳು, ಎದೆಗೆಲ್ಲ ವಿಭೂತಿ ಬಳಿದು ಗೋಡೆಗೆ ಒರಗಿಸಿ ಕೂರಿಸಿಬಿಟ್ಟಿದ್ದರು. ಎದೆಯ ಗಾಯದ ಮೇಲೂ ವಿಭೂತಿ. ಅವರನ್ನು ತಪ್ಪು ಎನ್ನಲಾರೆ. ಮನೆಯ ಯಜಮಾನನನ್ನು ರಕ್ತ ಮೆತ್ತಿದ ಮೈಯಲ್ಲೇ ಆಸ್ಪತ್ರೆಗೆ ಕಳಿಸುವುದು ಅವರಿಗೆ ಸಾಧ್ಯವೇ ಇರಲಿಲ್ಲ.

ನಾನು ನಿಯಮದಂತೆ ಎಕ್ಸ್‌ರೇ ಮಾಡಿಸಿದೆ. ಎಡ ಎದೆಯ ಕೆಳಗೆ ಒಂದೇ ಒಂದು ದುಂಡನೆಯ ತೂತು. ಗುಂಡು ಮೇಲ್ಮುಖವಾಗಿ ಹೋಗಿ, ಹೃದಯವನ್ನು ಹರಿದು, ಬೆನ್ನಿನ ಚರ್ಮದ ಒಳಗೆ ನಿಂತಿತ್ತು. ಅದು ಅಂಗಡಿಯ ತೋಟಾದಲ್ಲಿ ತುಂಬಿರುವ ಕಾಳಿನಂಥ ಚಿಲ್ಲರೆ ಗುಂಡಲ್ಲ, ಮನೆಯಲ್ಲಿ ಎರಕ ಹೊಯ್ದ ಸೀಸದ ಒಂಟಿ ಗುಂಡು. ಅವರದ್ದು ನಳಿಗೆಯ ಬಾಯಿಯಿಂದ ಮದ್ದು ತುಂಬಿ, ಕೇಪು ಎಂಬ ಪುಟ್ಟ ಪಟಾಕಿಯಂಥ ಬಿಲ್ಲೆಯಿಂದ ಹೊತ್ತಿಸುವ ಹಳೆಯ ಕೋವಿ.

ಚಿಲ್ಲರೆ ಗುಂಡಾದರೆ ದೂರ ಹೋದಷ್ಟೂ ಚೆದುರುತ್ತವೆ, ಆ ಹರಡಿನಿಂದಲೇ ದೂರವನ್ನು ಅಂದಾಜು ಮಾಡಬಹುದು. ಒಂಟಿ ಗುಂಡು ಹತ್ತಿರದಿಂದಲೂ ಒಂದೇ ತೂತು, ದೂರದಿಂದಲೂ ಒಂದೇ ತೂತು. ಆಗ ನೋಡಬೇಕಾದ್ದು ಗಾಯದ ಸುತ್ತಲಿನ ಚರ್ಮವನ್ನು. ಕರಿಮದ್ದಿನ ಕೋವಿಯನ್ನು ಹತ್ತಿರದಿಂದ ಹಾರಿಸಿದರೆ ಮಸಿ ಹಿಡಿಯುತ್ತದೆ, ಉರಿಯದೆ ಉಳಿದ ಮದ್ದಿನ ಕಾಳುಗಳು ಹಚ್ಚೆ ಚುಚ್ಚಿದಂತೆ ಚರ್ಮದಲ್ಲಿ ಕೂರುತ್ತವೆ. ಮಸಿ ತೊಳೆದರೆ ಹೋಗುತ್ತದೆ, ಹಚ್ಚೆ ಹೋಗುವುದಿಲ್ಲ. ವಿಭೂತಿ ಒರೆಸಿ ಭೂತಗನ್ನಡಿಯಲ್ಲಿ ನೋಡಿದೆ. ಹಚ್ಚೆ ಇರಲಿಲ್ಲ.

"ಮಸಿ ಇಲ್ಲ, ಮದ್ದಿನ ಹಚ್ಚೆ ಇಲ್ಲ" ಎಂದು ಬರೆದೆ. ಇಲ್ಲಿ ಪೆನ್ನು ನಿಲ್ಲಿಸಿದ್ದರೆ ಸಾಕಿತ್ತು. ಇನ್‌ಸ್ಪೆಕ್ಟರ್ ಬಾಗಿಲಲ್ಲಿ ನಿಂತಿದ್ದರು. ಹೊಸಬರು, ಚುರುಕಿನ ಮನುಷ್ಯ.

"ಸಾರ್, ದೂರದಿಂದಾನಾ ಹತ್ತಿರದಿಂದಾನಾ, ಅಷ್ಟು ಹೇಳಿ ಸಾಕು. ಮಿಕ್ಕಿದ್ದು ನಾವು ನೋಡ್ಕೋತೀವಿ."

ತಮ್ಮನ ಹೊಲ ಬದುವಿನಿಂದ ಒಂದಾಳು ಕೆಳಗಿದೆ, ಗುಂಡು ಕೆಳಗಿನಿಂದ ಮೇಲಕ್ಕೆ ಹೋಗಿದೆ. ಗುಂಡು ಹೊರಗೆ ಬಾರದೆ ಒಳಗೇ ನಿಂತಿದೆ, ಅಂದರೆ ದೂರದಿಂದ ಬಂದು ಬಲ ಕಳೆದುಕೊಂಡಿದೆ. ಎಲ್ಲ ಎಷ್ಟು ಚೆನ್ನಾಗಿ ಹೊಂದುತ್ತದೆ ಎಂದು ನನಗೇ ನನ್ನ ಬಗ್ಗೆ ಮೆಚ್ಚುಗೆಯಾಯಿತು. "ದೂರದಿಂದ ಹಾರಿಸಿದ ಗುಂಡು" ಎಂದು ಇನ್ನೊಂದು ಸಾಲು ಸೇರಿಸಿ ಸಹಿ ಮಾಡಿದೆ. ದೂರದಿಂದ ಯಾರೂ ತಮಗೆ ತಾವೇ ಹೊಡೆದುಕೊಳ್ಳಲಾರರು, ಕೈತಪ್ಪಿ ತಮ್ಮದೇ ಕೋವಿ ತಗಲುವುದೂ ಇಲ್ಲ. ಆ ಸಾಲಿನ ಅರ್ಥ ಕೊಲೆ ಎಂದೇ.

ಮೂರನೆಯ ದಿನ ತರೀಕೆರೆ ಬಸ್ ನಿಲ್ದಾಣದ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದೆ. ಪಕ್ಕದ ಮೇಜಿನವರು ಅದೇ ವಿಷಯ ಮಾತಾಡುತ್ತಿದ್ದರು.

"ಓಂಕಾರಪ್ಪನ್ನ ಎತ್ತಾಕ್ಕೊಂಡ್ ಹೋದ್ರಂತೆ ಕಣೋ. ಜೈಲಿಗೂ ಹಾಕಾಯ್ತು."

"ಅವ್ನು ಅಂಥೋನಲ್ಲ ಬಿಡೋ. ಬಾಯಿ ಜೋರು ಅಷ್ಟೇಯ."

"ನಿಂಗೇನ್ಲೇ ಗೊತ್ತು? ಡಾಕ್ಟ್ರೇ ಬರ್ದವ್ರಂತೆ. ಡಾಕ್ಟ್ರು ಬರ್ದ್ ಮ್ಯಾಲೆ ಮುಗೀತು."

ಟೀ ಅಲ್ಲೇ ಬಿಟ್ಟು ಎದ್ದೆ. ನಾನು ಗಾಯ ಬರೆದಿದ್ದೆನೋ ತೀರ್ಪು ಬರೆದಿದ್ದೆನೋ? ನೇರವಾಗಿ ಆಸ್ಪತ್ರೆಗೆ ಬಂದು, ಮೆಡಿಕಲ್ ಕಾಲೇಜಿನಲ್ಲಿ ನನಗೆ ಈ ವಿಷಯ ಕಲಿಸಿದ ಪ್ರೊಫೆಸರರಿಗೆ ಫೋನ್ ಮಾಡಿದೆ. ಅವರು ಸಿಡುಕಿನ ಮನುಷ್ಯ, ಕ್ಲಾಸಿನಲ್ಲಿ ಸೀಮೆಸುಣ್ಣ ಎಸೆಯುತ್ತಿದ್ದವರು. ಪೂರ್ತಿ ಕೇಳಿಸಿಕೊಂಡು ಅಂದರು:

"ದೂರ ಅಂತ ಯಾವ ಧೈರ್ಯದ ಮೇಲೆ ಬರೆದೆ?"

"ಮಸಿ, ಹಚ್ಚೆ ಎರಡೂ ಇರ್ಲಿಲ್ಲ ಸಾರ್."

"ಮೈ ಮೇಲೆ ಏನಿತ್ತು?"

"ವಿಭೂತಿ ಸಾರ್."

"ಅಯ್ಯೋ ಪುಣ್ಯಾತ್ಮ! ಸಾಯುವಾಗ ಏನಿತ್ತು ಅಂತ ಕೇಳ್ತಿದೀನಿ. ಬರೀ ಮೈಯಲ್ಲಿ ಹಂದಿ ಕಾಯ್ತಿದ್ನಾ?"

"ಷರ್ಟು, ಪಂಚೆ ಕೆರೆಗೆ ಬಿಟ್ಟುಬಿಟ್ವಿ ಅಂದ್ರಂತೆ ಸಾರ್."

"ಮತ್ತೆ ಗುಂಡು ಒಳಗೇ ನಿಂತಿದೆ ಅಂತ ಕುಣೀತೀಯಲ್ಲ, ಮನೆಯಲ್ಲಿ ಅರೆದ ಮದ್ದಿಗೆ ಎಷ್ಟು ಬಲ ಇರುತ್ತೆ ಅಂತ ಗೊತ್ತಾ ನಿನಗೆ? ಬಟ್ಟೆ ನೋಡದೆ ದೂರ ಹೇಳಬಾರದು ಅಂತ ಕಲಿಸಿದ್ನೋ ಇಲ್ವೋ?"

ಕಲಿಸಿದ್ದರು. ಫೋನ್ ಇಟ್ಟೆ.

ನಮ್ಮ ಶವಾಗಾರದ ಅಟೆಂಡರ್ ಮಂಜಣ್ಣ ಈ ಸಂಭಾಷಣೆ ಕೇಳಿಸಿಕೊಳ್ಳುತ್ತಾ ಬಾಗಿಲಲ್ಲೇ ನಿಂತಿದ್ದ. ಕಾಲು ಶತಮಾನ ಅದೇ ಕೆಲಸ ಮಾಡಿದವನು, ನಮ್ಮಂಥ ಹತ್ತು ಡಾಕ್ಟರುಗಳನ್ನು ತಯಾರು ಮಾಡಿ ಕಳಿಸಿದವನು.

"ಒಂದ್ ಮಾತು ಹೇಳ್ಲಾ ಸಾ? ಈ ಚಳೀಲಿ ಹೊಲ ಕಾಯಾಕೆ ಕಂಬ್ಳಿ ಇಲ್ದೆ ಯಾರ್ ಹೋಯ್ತಾರೆ?"

"ಅದೂ ಕೆರೆಗೇ ಹೋಗಿರುತ್ತಲ್ಲೋ ಮಂಜಣ್ಣ."

"ಇಲ್ಲ ಸಾ. ಸತ್ತೋರ ಬಟ್ಟೆ ಮೈಲಿಗೆ, ಅದುಕ್ಕೆ ಕೆರೆಗೆ ಬಿಡ್ತಾರೆ. ಕಂಬ್ಳಿಗೆ ಮೈಲಿಗೆ ಇಲ್ಲ. ಯಾರೂ ಬಿಸಾಕಾಕಿಲ್ಲ. ಮನೇಲೇ ಇರ್ತದೆ, ಹೋಗಿ ನೋಡಿ."

ಉಣ್ಣೆಗೆ ಸೂತಕ ತಟ್ಟುವುದಿಲ್ಲ ಎಂದು ನಮ್ಮ ಕಡೆ ಎಲ್ಲರೂ ನಂಬುತ್ತಾರೆ. ನಾನೂ ಅದೇ ನಂಬಿಕೆಯ ಮನೆಯಲ್ಲಿ ಹುಟ್ಟಿದವನು. ಆದರೂ ಹೊಳೆದಿರಲಿಲ್ಲ.

ಮರುದಿನ ಇನ್‌ಸ್ಪೆಕ್ಟರರ ಹತ್ತಿರ ಹೋದೆ. ತಪ್ಪು ಮಾಡಿದ್ದೇನೆ ಎಂದು ಹೇಳಲಿಲ್ಲ, ಅದು ಇನ್ನೂ ನನಗೇ ಗೊತ್ತಿರಲಿಲ್ಲ. ವ್ಯಾಪಾರದ ಮಾತನ್ನೇ ಆಡಿದೆ.

"ನೋಡಿ, ನಾಳೆ ಕೋರ್ಟಿನಲ್ಲಿ ಅವರ ಲಾಯರು ಮೊದಲು ಕೇಳೋದು ಬಟ್ಟೆ ಎಲ್ಲಿ ಅಂತ. ನಿಮ್ಮ ಕೇಸೂ ಬೀಳುತ್ತೆ, ನಾನೂ ಬೀಳ್ತೀನಿ. ಅರ್ಧ ದಿನ ನನ್ನ ಜೊತೆ ಬನ್ನಿ. ಏನೂ ಸಿಗದಿದ್ದರೆ ಟೀ ಖರ್ಚು ನಂದು."

ಅವರು ನಕ್ಕು ಜೀಪು ಹತ್ತಿದರು. ಇಲ್ಲೊಂದು ಮಾತು ನೆನಪಿಡಿ: ಸಾಕ್ಷ್ಯ ಇದೆ ಎಂದು ತಿಳಿದರೆ ನೀವೇ ಹೋಗಿ ಚೀಲದಲ್ಲಿ ತುಂಬಿಕೊಂಡು ಬರಬೇಡಿ. ಪೊಲೀಸರು ಪಂಚರ ಮುಂದೆ ವಶಪಡಿಸಿಕೊಳ್ಳಬೇಕು, ಇಲ್ಲದಿದ್ದರೆ ಅದು ಕೋರ್ಟಿನಲ್ಲಿ ಬರೀ ಹಳೆಯ ಕಂಬಳಿ.

ಬಸವರಾಜಪ್ಪನವರ ಮನೆಯ ನಡುಮನೆಯಲ್ಲಿ ಅವರ ತಾಯಿ ಗೌರಮ್ಮ ಕಂಬದ ಪಕ್ಕ ಕುಳಿತಿದ್ದರು. ಎಂಬತ್ತರ ಹತ್ತಿರದ ಜೀವ. ಕಂಬಳಿ ಮಡಿಸಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಹುಡುಕಬೇಕಾಗಿಯೇ ಬರಲಿಲ್ಲ.

ಇನ್‌ಸ್ಪೆಕ್ಟರ್ ನೇರವಾಗಿ, "ಅಜ್ಜಿ, ಅದನ್ನ ಕೊಡಿ" ಎಂದರು.

ಅಜ್ಜಿ ಕಂಬಳಿಯನ್ನು ಎದೆಗೆ ಒತ್ತಿಕೊಂಡರು. "ಯಾಕ್ ಕೊಡ್ಲಿ? ಒಬ್ಬನ್ನ ಮಣ್ಣಿಗಿಟ್ಟೆ. ಇನ್ನೊಬ್ಬನ್ನ ನೀನ್ ಜೀಪಿಗೆ ಹತ್ತಿಸ್ಕೊಂಡ್ ಹೋದೆ. ಇದೊಂದೈತೆ. ಇದುನ್ನೂ ತಗೊಂಡ್ ಹೋಗಾಕೆ ಬಂದ್ಯಾ?"

ನಾನು ಇನ್‌ಸ್ಪೆಕ್ಟರರಿಗೆ ಕಣ್ಸನ್ನೆ ಮಾಡಿ ಅಜ್ಜಿಯ ಎದುರು ನೆಲದ ಮೇಲೆ ಕುಳಿತೆ. ದಲ್ಲಾಳಿಯ ಮಗನಿಗೆ ಒಂದು ವಿದ್ಯೆ ಗೊತ್ತಿರುತ್ತದೆ, ದೊಡ್ಡದನ್ನು ಕೇಳುವ ಮುಂಚೆ ಚಿಕ್ಕದನ್ನು ಕೇಳಬೇಕು.

"ಕೊಡೋದು ಬ್ಯಾಡವ್ವಾ. ನಿಮ್ಮ ತೊಡೆ ಮೇಲೇ ಇರ್ಲಿ. ಬಿಚ್ಚಿ ತೋರ್ಸಿ ಸಾಕು."

"ನೀನ್ಯಾರಪ್ಪಾ?"

"ನಿಮ್ಮ ಮಗನ್ನ ನೋಡಿದ ಡಾಕ್ಟ್ರು."

ಅಜ್ಜಿ ಕಂಬಳಿಯನ್ನು ಎದೆಯಿಂದ ತೆಗೆದು ತೊಡೆಯ ಮೇಲಿಟ್ಟರು. ಆಮೇಲೆ ಬಿಚ್ಚಿದರು. ಕರಿ ಕಂಬಳಿ, ಒಣಗಿದ ರಕ್ತದಿಂದ ಬಿರುಸಾಗಿತ್ತು. ಹರಡಿದಾಗ ನಾಲ್ಕು ತೂತು ಕಂಡವು, ಒಂದು ಇಲ್ಲಿ, ಒಂದು ಅಲ್ಲಿ. ನಾಲ್ಕು ತೂತು ನೋಡಿ ಇನ್‌ಸ್ಪೆಕ್ಟರ್ ನನ್ನ ಕಡೆ ತಿರುಗಿ, "ಗುಂಡು ಒಂದೇ ಅಲ್ವಾ ಸಾರ್?" ಎಂದು ಪಿಸುಗುಟ್ಟಿದರು.

"ಅವ್ವಾ, ನಿಮ್ಮ ಮಗ ಇದನ್ನ ಹೆಂಗೆ ಹೊದ್ಕೋತಿದ್ರು?"

"ಕೊಪ್ಪೆ ಹಾಕ್ಕೊಂತಿದ್ದ. ನಾನೇ ಹೇಳ್ಕೊಟ್ಟಿದ್ದು, ಚಿಕ್ಕೋನಿದ್ದಾಗ."

"ಹಂಗೇ ಮಡಿಸ್ತೀರಾ?"

ಅಜ್ಜಿ ಮಡಿಸಿದರು, ಒಂದು ಮಡಿಕೆಯೂ ತಪ್ಪಲಿಲ್ಲ. ತಲೆಯ ಮೇಲೆ ಬರುವ ಮೂಲೆ, ಕಿವಿಯ ಪಕ್ಕ ಇಳಿಯುವ ಅಂಚು, ಎದೆಯ ಮೇಲೆ ಎರಡೆರಡು ಪದರವಾಗಿ ಒಂದರ ಮೇಲೊಂದು ಬರುವ ಎರಡು ಸೆರಗು. ಕೊನೆಯ ಮಡಿಕೆ ಕೂತಾಗ ನಾಲ್ಕು ತೂತೂ ಒಂದರ ಹಿಂದೊಂದು ಬಂದು ಒಂದೇ ತೂತಾದವು. ಎಲ್ಲಕ್ಕಿಂತ ಹೊರಗಿನ ಪದರದ ತೂತಿನ ಅಂಚು ಸುಟ್ಟು ಗಂಟುಗಂಟಾಗಿತ್ತು. ಮೂಗು ಹತ್ತಿರ ಇಟ್ಟರೆ ಸುಟ್ಟ ಉಣ್ಣೆಯ ವಾಸನೆ ಇನ್ನೂ ಇತ್ತು. ಬೆರಳು ತಾಗಿಸಿದರೆ ಮಸಿ. ಒಳಗಿನ ಪದರಗಳು ಒಂದಕ್ಕಿಂತ ಒಂದು ಸ್ವಚ್ಛ. ಎರಡನೆಯ ಮತ್ತು ಮೂರನೆಯ ಪದರದ ನಡುವೆ ಒಂದು ಚಿಟಿಕೆ ಸುಟ್ಟ ತೆಂಗಿನ ನಾರು ಸಿಕ್ಕಿಕೊಂಡಿತ್ತು. ಕೋವಿಗೆ ಮದ್ದು ತುಂಬಿದ ಮೇಲೆ ಗಿಡಿಯುವ ನಾರು ಅದು. ನಾರು ದೂರ ಹಾರುವ ವಸ್ತುವಲ್ಲ.

ನಳಿಗೆ ಎದೆಗೆ ತಾಗಿದಷ್ಟು ಹತ್ತಿರದಲ್ಲಿತ್ತು. ಚರ್ಮದ ಮೇಲೆ ಬೀಳಬೇಕಾದ ಮಸಿಯನ್ನೂ ಮದ್ದನ್ನೂ ಕಂಬಳಿ ತಡೆದಿತ್ತು. ನಾನು ದೂರ ಎಂದು ಬರೆದಿದ್ದೆ.

"ಇದ್ರಿಂದ ಏನಾಯ್ತದಪ್ಪಾ?" ಅಜ್ಜಿ ಕೇಳಿದರು.

"ದೂರದಿಂದ ಯಾರೂ ಹೊಡ್ದಿಲ್ಲ ಅಂತ ಗೊತ್ತಾಯ್ತದವ್ವಾ. ಮಿಕ್ಕಿದ್ದು ಇನ್ನೂ ನೋಡ್ಬೇಕು. ಅದುಕ್ಕೆ ಕಂಬ್ಳಿ ನಮ್ಮ ಜೊತೆ ಬರ್ಬೇಕು."

ಅಜ್ಜಿ ಷರತ್ತು ಹಾಕಿದರು. "ನೀರಿಗೆ ಹಾಕ್ಬಾರ್ದು. ತಿರ್ಗಾ ನಂಗೇ ಕೊಡ್ಬೇಕು. ಬರ್ಕೊಡು." ಇನ್‌ಸ್ಪೆಕ್ಟರ್ ಬರೆದುಕೊಟ್ಟರು. ಕೇಸು ಮುಗಿದ ಮೇಲೆ ಕೋರ್ಟಿಗೆ ಅರ್ಜಿ ಹಾಕಿ ಬಿಡಿಸಿಕೊಳ್ಳುವುದು ಹೇಗೆಂದು ನಾನು ಹೇಳಿದೆ.

ಹಿಂದಿರುಗುವಾಗ ಜೀಪಿನಲ್ಲಿ ಇನ್‌ಸ್ಪೆಕ್ಟರ್ ಸರಿಯಾದ ಮಾತನ್ನೇ ಆಡಿದರು. "ಹತ್ತಿರ ಅಂದ ತಕ್ಷಣ ಕೊಲೆ ಅಲ್ಲ ಅಂತ ಆಗಲ್ಲ ಸಾರ್. ತಮ್ಮ ಪಕ್ಕದಲ್ಲೇ ನಿಂತು ಕಿತ್ಕೊಂಡು ಹೊಡೆದಿರಬಹುದಲ್ಲ?"

ಹೌದು. ಒಂದು ಸಲ ಅವಸರ ಮಾಡಿ ಕೈ ಸುಟ್ಟುಕೊಂಡವನು ಈ ಸಲ ಬಾಯಿ ಮುಚ್ಚಿಕೊಂಡೆ. ಹೆಣವನ್ನು ಮಣ್ಣು ಮಾಡಿಯಾಗಿತ್ತು. ಅದನ್ನು ತೆಗೆಸಿ ಮತ್ತೆ ನೋಡುವುದು ಕೊನೆಯ ದಾರಿ. ಆಸ್ಪತ್ರೆಗೆ ಬಂದು ನನ್ನ ವರದಿಯನ್ನು ನಾನೇ ಮೊದಲ ಸಾಲಿನಿಂದ ಓದಿದೆ. ಹೊರ ಗಾಯಗಳ ಪಟ್ಟಿಯಲ್ಲಿ ಐದನೆಯದು: ಬಲಗೈ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಚರ್ಮದಲ್ಲಿ ಹುದುಗಿದ ಸಣ್ಣ ಕಪ್ಪು ಚುಕ್ಕೆಗಳು.

ಬರೆಯುವಾಗ ಮುಳ್ಳು ಚುಚ್ಚಿರಬೇಕು ಎಂದುಕೊಂಡಿದ್ದೆ. ಅರ್ಥವಾಗದಿದ್ದರೂ ಕಂಡದ್ದನ್ನು ಬರೆದಿದ್ದೆ, ಮೊಬೈಲಿನಲ್ಲಿ ಫೋಟೋವನ್ನೂ ತೆಗೆದಿದ್ದೆ. ಫೋಟೋವನ್ನು ಪ್ರೊಫೆಸರರಿಗೆ ಕಳಿಸಿದೆ. ಹತ್ತೇ ನಿಮಿಷಕ್ಕೆ ಅವರೇ ಫೋನ್ ಮಾಡಿದರು.

"ಮುಳ್ಳಲ್ಲ ಕಣಯ್ಯ, ಮದ್ದಿನ ಹಚ್ಚೆ. ಕೋವಿ ಹಾರಿದಾಗ ಅವನ ಬಲಗೈ ನಳಿಗೆಯ ಬಾಯಿ ಹತ್ತಿರ ಇತ್ತು. ಒಂದೋ ಬೇರೆಯವನು ಗುರಿ ಇಟ್ಟಾಗ ನಳಿಗೆ ಹಿಡಿದುಕೊಂಡ, ಇಲ್ಲಾ ತಾನೇ ನಳಿಗೆ ಹಿಡಿದು ಎಳೆದ. ಯಾವುದು ಅಂತ ಕೋವಿ ಹೇಳುತ್ತೆ. ನೀನು ಹೇಳಬೇಡ."

ಕೋವಿ ಹೇಳಿತು. ಪ್ರಯೋಗಾಲಯದವರು ಪರೀಕ್ಷಿಸಿದಾಗ, ಕೇಪಿನ ಮೇಲೆ ಬಡಿಯುವ ಸುತ್ತಿಗೆಯನ್ನು ಅರ್ಧಕ್ಕೆ ತಡೆದು ನಿಲ್ಲಿಸುವ ಹಲ್ಲು ಪೂರ್ತಿ ಸವೆದುಹೋಗಿತ್ತು. ಕುದುರೆಯನ್ನು, ಅಂದರೆ ಟ್ರಿಗರನ್ನು, ಒತ್ತದೆಯೇ, ಏನಾದರೂ ಸುತ್ತಿಗೆಗೆ ತಗುಲಿ ಹಿಂದಕ್ಕೆ ಎಳೆದುಬಿಟ್ಟರೆ ಸಾಕು, ಕೋವಿ ಹಾರುತ್ತಿತ್ತು. ಸುತ್ತಿಗೆಯ ಮೇಲೆ ಹೊಸ ಗೀರು ಇತ್ತು. ಆ ಗೀರಿನಲ್ಲಿ ತಂತಿ ಬೇಲಿಯ ತುಕ್ಕು. ಇನ್‌ಸ್ಪೆಕ್ಟರ್ ಬೇಲಿಗೆ ಮತ್ತೆ ಹೋಗಿ ನೋಡಿದರು. ಕೆಳಗಿನ ಎರಡು ತಂತಿಗಳ ನಡುವೆ ಮನುಷ್ಯ ನುಸುಳುವ ಕಿಂಡಿ ಇತ್ತು, ಅಲ್ಲಿ ಕಂಬಳಿಯ ಎಳೆಗಳು ಸಿಕ್ಕಿಕೊಂಡಿದ್ದವು. ತಮ್ಮನ ಹೊಲದಿಂದ ಅಣ್ಣ ನುಸುಳಿ ಈಚೆ ಬಂದು, ಆಚೆ ಉಳಿದ ಕೋವಿಯನ್ನು ನಳಿಗೆ ಹಿಡಿದು ತನ್ನ ಕಡೆಗೇ ಎಳೆದುಕೊಂಡಿದ್ದರು. ಕೋವಿ ಆಚೆಯೇ ಬಿದ್ದದ್ದು ಏಕೆ, ಗುಂಡು ಕೆಳಗಿನಿಂದ ಮೇಲಕ್ಕೆ ಹೋದದ್ದು ಏಕೆ, ಎಲ್ಲ ಅಲ್ಲಿತ್ತು. ತಮ್ಮನ ಜೋಳದಲ್ಲಿ ಹಂದಿಗಳು ಉರುಳಾಡಿದ ಗುರುತೂ ಇತ್ತು. ಮಾತು ಬಿಟ್ಟ ತಮ್ಮನ ಹೊಲಕ್ಕೂ ಇಳಿದು ಹಂದಿ ಓಡಿಸಿ ಬರುತ್ತಿದ್ದರು ಎಂದು ಕಾಣುತ್ತದೆ. ಅದನ್ನು ನಾನು ವರದಿಯಲ್ಲಿ ಬರೆಯಲಿಲ್ಲ, ಬರೆಯುವಂತೆಯೂ ಇರಲಿಲ್ಲ.

ಇನ್ನು ಉಳಿದದ್ದು ನನ್ನ ತಪ್ಪನ್ನು ನಾನೇ ಒಪ್ಪಿಕೊಂಡು ಹೆಚ್ಚುವರಿ ಅಭಿಪ್ರಾಯ ಬರೆಯುವುದು. ನಮ್ಮ ಆಡಳಿತ ವೈದ್ಯಾಧಿಕಾರಿ ಒಳ್ಳೆಯವರೇ, ಆದರೆ ಕಾಗದ ಕಂಡರೆ ಹೆದರುವವರು.

"ಸುಮ್ನಿರಯ್ಯ. ಪ್ರಯೋಗಾಲಯದವರು ಬರೆದಿದ್ದಾರಲ್ಲ, ಸಾಕು. ನೀನೇ ಯಾಕೆ ಕೊರಳು ಕೊಡ್ತೀಯ? ಕೋರ್ಟಲ್ಲಿ ಹರಿದು ಹಾಕ್ತಾರೆ."

"ಸಾರ್, ನಾನೇ ಬರೆದರೆ ಒಂದು ಸಲ ಬೈಸ್ಕೋತೀನಿ. ಬೇರೆಯವರು ಹುಡುಕಿ ಬರೆದರೆ ರಿಟೈರ್ ಆಗೋವರೆಗೂ ಬೈಸ್ಕೋಬೇಕು. ಯಾವುದು ಲಾಭ ನೀವೇ ಹೇಳಿ."

ಅವರು ನಗದೆ ಸಹಿ ಹಾಕಿದರು. ನಾನು ಬರೆದೆ: ಹಿಂದಿನ ಅಭಿಪ್ರಾಯವನ್ನು ಬಟ್ಟೆ ನೋಡದೆ ಕೊಟ್ಟಿದ್ದೆ, ಅದು ತಪ್ಪು. ಗುಂಡು ಹಾರಿದ್ದು ತಾಗಿದಷ್ಟು ಹತ್ತಿರದಿಂದ. ಗಾಯ, ಬಲಗೈ ಗುರುತು, ಕಂಬಳಿ, ಕೋವಿಯ ದೋಷ, ಇವೆಲ್ಲ ಆಕಸ್ಮಿಕಕ್ಕೆ ಹೊಂದುತ್ತವೆ. 'ಹೊಂದುತ್ತವೆ' ಎಂಬಲ್ಲಿ ಪೆನ್ನು ಎತ್ತಿದೆ. ಪೊಲೀಸರು ಅದರಂತೆ ನ್ಯಾಯಾಲಯಕ್ಕೆ ವರದಿ ಕೊಟ್ಟರು, ಓಂಕಾರಪ್ಪ ಹೊರಗೆ ಬಂದ. ಆ ರಾತ್ರಿ ನಾನು ವಾರಗಳ ನಂತರ ಕಣ್ಣು ತುಂಬ ನಿದ್ದೆ ಮಾಡಿದೆ.

ಕೆಲವು ದಿನಗಳ ನಂತರ ಬೆಳಗಿನ ಒಪಿಡಿಯ ನಡುವೆ ಬಿಡುವಾದಾಗ, ಬಾಗಿಲ ಹತ್ತಿರ ಒಬ್ಬ ತೆಳ್ಳನೆಯ ಮನುಷ್ಯ ಚಪ್ಪಲಿ ಬಿಟ್ಟು ನಿಂತಿದ್ದ. ಗಡ್ಡ ಬೋಳಿಸಿರಲಿಲ್ಲ.

"ನಾನು ಓಂಕಾರಪ್ಪ ಸಾ. ಬಸವರಾಜಪ್ಪನ ತಮ್ಮ."

ಬೈಯಲು ಬಂದಿದ್ದಾನೆ ಎಂದುಕೊಂಡೆ. ಬೈದರೂ ನ್ಯಾಯವೇ. "ಕೂತ್ಕೊಳ್ಳಪ್ಪಾ. ನಿನ್ನ ಒಳಗೆ ಹಾಕ್ಸಿದ್ದು ನಾನು ಬರೆದ ಸಾಲೇ. ತಪ್ಪಾಯ್ತು" ಎಂದೆ.

"ಅದುಕ್ಕೆ ಬರ್ಲಿಲ್ಲ ಸಾ. ಬರ್ದಿದ್ದೂ ನೀವೇ, ಬಿಡ್ಸಿದ್ದೂ ನೀವೇ. ಒಂದ್ ಕೇಳ್ಬೇಕಿತ್ತು." ಅವನು ಕೂರಲಿಲ್ಲ. "ಅವತ್ತು ಈಡಿನ ಶಬ್ದ ನಂಗೆ ಕೇಳಿಸ್ತು ಸಾ. ಮೋಟ್ರು ಹತ್ರ ಇದ್ದೆ. ಅಣ್ಣ ಹಂದಿ ಹೊಡ್ದ ಅನ್ಕೊಂಡೆ. ಮಾತಿರ್ಲಿಲ್ವಲ್ಲ, ಹೋಗ್ಲಿಲ್ಲ. ಬಿಸ್ಲೇರಿದ್ ಮ್ಯಾಲೆ ಅತ್ಗೆ ಕೂಗ್ಕೊಂಡಾಗ್ಲೇ ನಾನು ಹೋಗಿದ್ದು. ಶಬ್ದ ಕೇಳಿದ್ ಗಳಿಗೇಲಿ ಓಡಿದ್ರೆ, ಅಣ್ಣ ಉಳೀತಿದ್ನಾ?"

ಜೈಲಿನಲ್ಲಿದ್ದಷ್ಟು ದಿನವೂ ಅವನು ಕೇಳಿಕೊಂಡದ್ದು ಈ ಪ್ರಶ್ನೆಯನ್ನೇ. ಕೊಂದವನು ಎಂದು ಊರು ಹೇಳಿದ್ದು ಅವನಿಗೆ ಅಷ್ಟು ತಾಗಿರಲಿಲ್ಲ.

ಸಮಾಧಾನಕ್ಕೆ ಸುಳ್ಳು ಹೇಳಬೇಕಾಗಿ ಬಂದಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಹೇಳಬೇಕಾಗಿ ಬರಲಿಲ್ಲ. ಮೇಜಿನ ಮೇಲಿದ್ದ ಕಾಗದದ ಹಿಂಬದಿಯಲ್ಲಿ ಹೃದಯದ ಚಿತ್ರ ಬರೆದು, ಗುಂಡು ಎಲ್ಲಿ ಹರಿಯಿತು ಎಂದು ತೋರಿಸಿದೆ.

"ನೋಡು, ಇಷ್ಟು ಹರಿದಿತ್ತು. ನೀನು ಪಕ್ಕದಲ್ಲೇ ನಿಂತಿದ್ರೂ ಆಗ್ತಿರ್ಲಿಲ್ಲ. ನಾನು ಆಪರೇಷನ್ ಥಿಯೇಟರ್ ಸಮೇತ ಆ ಬದುವಿನ ಮೇಲೆ ನಿಂತಿದ್ರೂ ಆಗ್ತಿರ್ಲಿಲ್ಲ. ಬಿದ್ದ ಮೇಲೆ ನಿನ್ನ ಕರೆಯೋಕೆ ಅವರಿಗೆ ಉಸಿರೂ ಇರ್ಲಿಲ್ಲ."

"ಕರೀಲಿಲ್ವಾ ಹಂಗಾದ್ರೆ?"

"ಇಲ್ಲಪ್ಪಾ. ಕರೆಯೋ ಹಂಗಿರ್ಲಿಲ್ಲ."

ಅವನು ಆ ಕಾಗದವನ್ನು ನೋಡಿದ. ಆಮೇಲೆ ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡ.

"ಅತ್ಗೆ ದಿನಾ ಊಟುಕ್ಕೆ ಕರೀತವ್ರೆ ಸಾ. ಆ ಮನೆ ಹೊಸ್ಲು ದಾಟಾಕೆ ಮುಖ ಇರ್ಲಿಲ್ಲ," ಎಂದು ಚಪ್ಪಲಿ ಮೆಟ್ಟಿದ. "ಅಜ್ಜಂಪುರದ ಬಸ್ಸು ಎಷ್ಟೊತ್ಗೆ? ಮಧ್ಯಾಹ್ನದ ಊಟುಕ್ಕೆ ಮುಟ್ಟಬೋದಾ?"

"ಈಗ್ಲೇ ಓಡಿದ್ರೆ ಮುಟ್ತೀಯ" ಎಂದೆ. ಓಡಿದ.